ಅಂಗಡಿಯ ಅನುಭವವೂ ಅರ್ಹತೆಯೇ
1927ರಲ್ಲಿ ನಿರ್ಮಿತವಾದ, ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಕನ್ನಡ, ತಮಿಳು, ದಖನಿ ಉರ್ದುಗಳಲ್ಲಿ ಗಿರಾಕಿಯ ಮನವರಿತು ಮಾತನಾಡಿ, ಹಣ್ಣು ಕೊಳೆತಿತ್ತೆಂದು ಕೆರಳಿ ಮರಳಿದವನನ್ನು ಬೇರೆ ಹಣ್ಣಿತ್ತು ಸಮಾಧಾನಗೊಳಿಸಿ, ಸಂಜೆಗೆ ಕಾಸೂ ತಪ್ಪದಂತೆ ಲೆಕ್ಕ ಒಪ್ಪಿಸುವ ತರುಣನು, ಗ್ರಾಹಕ ಸೇವೆಯ ಉದ್ಯೋಗಕ್ಕಾಗಿ ಸ್ವವಿವರವನ್ನು ಬರೆಯುವಾಗ ಮಾತ್ರ ಇವೆಲ್ಲವನ್ನೂ ಮರೆಮಾಚಿ, ‘ಪರಿಶ್ರಮಿ, ಪ್ರಾಮಾಣಿಕ’ ಎಂಬ ಸರ್ವಸಾಧಾರಣ ವಿಶೇಷಣಗಳನ್ನು ಪೋಣಿಸುವುದು ವಿಷಾದಕರ. ನೇಮಿಸಿಕೊಳ್ಳುವವರು ಅರಸುವುದು ಆ ಗುಣಗಳಿಗೆ ಸಾಕ್ಷಿಯಾದ ಕಾರ್ಯಗಳನ್ನೇ ಆದುದರಿಂದ, ಬಲ್ಲ ಭಾಷೆಗಳು, ದಿನವೊಂದಕ್ಕೆ ವಿಚಾರಿಸಿಕೊಂಡ ಗಿರಾಕಿಗಳ ಸಂಖ್ಯೆ, ಪರಿಹರಿಸಿದ ದೂರುಗಳು, ನಿರ್ವಹಿಸಿದ ಹಣ, ಕಂಪ್ಯೂಟರಿನ ಪರಿಚಯ ಇವುಗಳನ್ನು, ಇತ್ತೀಚಿನ ಕೆಲಸವು ಮೊದಲು ಬರುವಂತೆಯೂ ಬಯಸಿದ ಹುದ್ದೆಗೆ ಒಪ್ಪುವಂತೆಯೂ ಒಂದೇ ಪುಟದಲ್ಲಿ ನಿರೂಪಿಸತಕ್ಕದ್ದು. ಮಾರುಕಟ್ಟೆಯಲ್ಲಿ ದುಡಿದ ವರ್ಷಗಳನ್ನು, ತರುಣರೇ, ಸಂಕೋಚವಿಲ್ಲದೆ ಬರೆಯಿರಿ.