ಸಿಡಿಯದೆ ಹೋದರೂ ಹೊರಡಬೇಕು

ಹತ್ತಿರದ ಜ್ವಾಲಾಮುಖಿ ಸಿಡಿದರೆ ಏನು ಮಾಡಬೇಕು? ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಹೊಳೆಯ ಪಾತ್ರದಿಂದ ದೂರವಿರಿ, ಸೂರಿನ ಮೇಲೆ ಬಿದ್ದ ಬೂದಿಯನ್ನು ಆಗಾಗ ಎಳೆದುಹಾಕಿ ಎನ್ನುತ್ತಾರೆ. ಎಲ್ಲವೂ ಸರಿಯೇ. 1991ರಲ್ಲಿ ಫಿಲಿಪೀನ್ಸಿನ ಪಿನಾಟುಬೊ ಸಿಡಿದಾಗ, ಮಳೆಯಲ್ಲಿ ನೆನೆದ ಬೂದಿಯ ಭಾರಕ್ಕೆ ಕುಸಿದ ಸೂರಿನಡಿ ಸಿಕ್ಕಿ ಸತ್ತವರು ಬಹಳ ಮಂದಿ. ಆದರೆ ಬೆಟ್ಟದ ಬುಡದಲ್ಲಿರುವವರಿಗೆ ಈ ಸಲಹೆಗಳಿಂದ ಆಗುವುದು ಅಷ್ಟಕ್ಕಷ್ಟೆ. ಕಾದ ಅನಿಲ, ಬೂದಿ, ಕಲ್ಲುಗಳ ಮೋಡ ಗಂಟೆಗೆ ನೂರು ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಇಳಿಜಾರಿಗೆ ನುಗ್ಗುತ್ತದೆ. 2006ರಲ್ಲಿ ಜಾವಾದ ಮೆರಾಪಿಯಲ್ಲಿ ಇಬ್ಬರು, ಇಂಥ ಹೊತ್ತಿಗೆಂದೇ ಕಟ್ಟಿದ್ದ ನೆಲದಡಿಯ ಕೋಣೆಗೆ ಹೊಕ್ಕರೂ ಉಳಿಯಲಿಲ್ಲ. ಆದ್ದರಿಂದ ಹೊರಡಬೇಕಾದದ್ದು ಸಿಡಿಯುವುದಕ್ಕೆ ಮೊದಲೇ, ಸಿಡಿಯುತ್ತದೋ ಇಲ್ಲವೋ ಎಂದು ಯಾರೂ ಖಚಿತವಾಗಿ ಹೇಳಲಾಗದ ಹೊತ್ತಿನಲ್ಲಿ.

ತೊಡಕು ಇರುವುದೇ ಇಲ್ಲಿ. 1976ರಲ್ಲಿ ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ಸುಮಾರು 70 ಸಾವಿರ ಜನರನ್ನು ತಿಂಗಳುಗಟ್ಟಲೆ ಮನೆಯಿಂದ ದೂರ ಇಟ್ಟರು. ಹೆದರಿದಂಥ ಸ್ಫೋಟ ಆಗಲೇ ಇಲ್ಲ. ವಿಜ್ಞಾನಿಗಳು ಬಹಿರಂಗವಾಗಿ ಕಚ್ಚಾಡಿದರು, ಜನ ರೊಚ್ಚಿಗೆದ್ದರು. ಒಂಬತ್ತು ವರ್ಷಗಳ ನಂತರ ಕೊಲಂಬಿಯಾದ ಅರ್ಮೇರೋದಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಅಪಾಯದ ನಕ್ಷೆ ಸಿದ್ಧವಿತ್ತು. 1985ರ ನವೆಂಬರ್ 13ರ ಮಧ್ಯಾಹ್ನ ಊರಿನ ಮೇಲೆ ಬೂದಿಯೂ ಉದುರಿತು. ಗಾಬರಿ ಬೇಡ, ಮನೆಯಲ್ಲೇ ಇರಿ ಎಂದು ರೇಡಿಯೋ ಹೇಳಿತು. ರಾತ್ರಿ ಒಂಬತ್ತರ ಸುಮಾರಿಗೆ ನೆವಾಡೊ ದೆಲ್ ರೂಯಿಸ್ ಸಿಡಿದು, ಕರಗಿದ ಹಿಮ ಕೆಸರಿನ ಪ್ರವಾಹವಾಗಿ ಊರು ಮುಟ್ಟಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಅಷ್ಟು ಹೊತ್ತಿನಲ್ಲಿ ನಡೆದೇ ಎತ್ತರದ ಜಾಗ ಸೇರಬಹುದಿತ್ತು. ಸತ್ತವರು 20 ಸಾವಿರಕ್ಕೂ ಹೆಚ್ಚು.

ಈ ಎರಡರಲ್ಲಿ ಗ್ವಾಡಲೂಪನ್ನು ಸೋಲು ಎಂದು ಬರೆಯುವವರನ್ನು ನಾನು ಒಪ್ಪಲಾರೆ. ಎರಡು ಮೂರು ಸಲ ಸುಮ್ಮನೆ ಹೊರಡಿಸಿದರೆ ನಾಲ್ಕನೆಯ ಸಲ ಜನ ನಂಬುವುದಿಲ್ಲ ಎಂಬ ವಾದವಿದೆ. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ನಂಬಿಕೆ ಕೆಡುವುದು ಮುನ್ಸೂಚನೆ ತಪ್ಪಾದುದಕ್ಕಿಂತ ಹೆಚ್ಚಾಗಿ, ಆ ತಪ್ಪಿನ ನಷ್ಟವನ್ನೆಲ್ಲ ಹೊರಟವನೇ ಹೊತ್ತದ್ದರಿಂದ.

ಮೆರಾಪಿಯನ್ನೇ ನೋಡಿ. ಬೂದಿಮಣ್ಣಿನ ಫಲವತ್ತತೆಯಿಂದ ಅಲ್ಲಿ ಹುಲ್ಲಿಗೆ ಬರವಿಲ್ಲ, ಕಿನಾಹ್ರೆಜೊದಂಥ ಹಳ್ಳಿಗಳಲ್ಲಿ ಮನೆಗೊಂದೆರಡು ಹಸು ಇದ್ದವು. ಅವುಗಳ ಹಾಲೇ ದಿನದ ಖರ್ಚು, ಕರುವೇ ಕಷ್ಟಕಾಲದ ಗಂಟು. ಹಸುವನ್ನು ಕೊಟ್ಟಿಗೆಯಲ್ಲಿ ಕಟ್ಟಿ ಬಂದವನಿಗೆ ನಿರಾಶ್ರಿತರ ಶಿಬಿರದಲ್ಲಿ ಅನ್ನ ಗಂಟಲಲ್ಲಿ ಇಳಿಯುವುದಾದರೂ ಹೇಗೆ? 2010ರಲ್ಲಿ ಬೆಟ್ಟ ಮತ್ತೆ ಕೆರಳಿ ಊರು ಬಿಡಿಸಿದಾಗ ಎಷ್ಟೋ ಜನ ಹಗಲು ಬೆಟ್ಟ ಹತ್ತಿ, ಹುಲ್ಲು ಹಾಕಿ, ಹಾಲು ಕರೆದು ಬರುತ್ತಿದ್ದರು. ಅದೇ ಕಿನಾಹ್ರೆಜೊದಲ್ಲಿ, ಬೆಟ್ಟದ ಕಾವಲುಗಾರರೆಂದು ಆ ಪ್ರದೇಶದ ಸುಲ್ತಾನರಿಂದ ನೇಮಕಗೊಂಡಿದ್ದ ಹಿರಿಯರು ಮ್ಬಾ ಮರಿಜನ್. 2006ರಲ್ಲಿ ಊರು ಬಿಡದೆಯೂ ಬದುಕಿ ಉಳಿದಿದ್ದರಿಂದ ದೇಶಕ್ಕೇ ಹೆಸರಾದರು. 2010ರ ಅಕ್ಟೋಬರ್ 26ರಂದು ಬೆಟ್ಟ ಸಿಡಿದಾಗ ಅವರೂ, ಅವರೊಂದಿಗೆ ಊರಲ್ಲೇ ಉಳಿದ ಹಲವರೂ ಸತ್ತರು. ಅವರನ್ನು ಮೂಢರೆಂದು ತಳ್ಳಿಹಾಕುವುದು ಅನ್ಯಾಯ. ಹೋದ ಸಲ ಏನೂ ಆಗಲಿಲ್ಲ ಎಂಬ ಅನುಭವವನ್ನು ನೆಚ್ಚುವುದು ಮನುಷ್ಯ ಸಹಜ, ನಾವೆಲ್ಲ ನೆಚ್ಚಿರುವುದೂ ಅದನ್ನೇ.

ಆಮೇಲೆ ಸರ್ಕಾರವೇ ಜಾನುವಾರು ಕೊಳ್ಳುವುದಾಗಿ ಘೋಷಿಸಿತು. ಸ್ಫೋಟಕ್ಕೆ ಮೊದಲೇ ಆಗಬೇಕಿದ್ದ ಮಾತು ಅದು. ನಂತರದ ವರ್ಷಗಳಲ್ಲಿ ಮೆರಾಪಿಯ ಬುಡದ ಹಳ್ಳಿಗಳನ್ನು ದೂರದ ಸುರಕ್ಷಿತ ಹಳ್ಳಿಗಳೊಂದಿಗೆ ಒಡಹುಟ್ಟಿದ ಊರುಗಳೆಂದು ಜೋಡಿಸಿದರು. ಯಾವ ಊರಿನವರು ಎಲ್ಲಿಗೆ ಹೋಗಬೇಕು, ಅಲ್ಲಿ ಬರಮಾಡಿಕೊಳ್ಳುವವರು ಯಾರು ಎಂಬುದೆಲ್ಲ ಬೆಟ್ಟ ತಣ್ಣಗಿರುವಾಗಲೇ ತೀರ್ಮಾನವಾಗುತ್ತದೆ. ಇಂಥ ಏರ್ಪಾಡಿನಲ್ಲಿ ಹಸು ಸಾಗಿಸುವ ಲಾರಿ, ಮೇವು, ಹಾಲು ಕೊಳ್ಳುವವರು, ಬೆಟ್ಟ ಸಿಡಿಯದೆ ಹೋದರೂ ಸಿಗುವ ಪರಿಹಾರ, ಇಷ್ಟನ್ನೂ ಬರೆದಿಟ್ಟರೆ ಹೊರಡಿ ಎಂದಾಗ ಜನ ಹೊರಡುತ್ತಾರೆ.