ಮುಳ್ಳಯ್ಯನಗಿರಿ ಬೆಂಕಿ ಉಗುಳುತ್ತದೆಯೇ?

ಮಕ್ಕಳೇ, ಟಿವಿಯಲ್ಲಿ ಜ್ವಾಲಾಮುಖಿ ಕಂಡಾಗಲೆಲ್ಲ ನಮ್ಮ ಮನೆಯ ಪುಟ್ಟರದು ಒಂದೇ ಪ್ರಶ್ನೆ: "ಅಜ್ಜಾ, ನಮ್ಮ ಮುಳ್ಳಯ್ಯನಗಿರಿಯೂ ಹೀಗೆ ಸಿಡಿಯುತ್ತದಾ?"

ಭೂಮಿಯ ಆಳದಲ್ಲಿ ಕಲ್ಲು ಕರಗಿದರೆ ಅದು ಶಿಲಾಪಾಕ. ಸುತ್ತಲಿನ ಕಲ್ಲಿಗಿಂತ ಹಗುರವಾದ್ದರಿಂದ ಮೇಲೇರುತ್ತದೆ. ಮೇಲೆ ಬಂದಂತೆ ಒತ್ತಡ ಇಳಿದು, ಅದರೊಳಗಿನ ಅನಿಲ ಗುಳ್ಳೆಯಾಗುತ್ತದೆ. ಗೋಲಿ ಸೋಡಾ ಒಡೆದಾಗ ನೊರೆ ಉಕ್ಕುವುದಿಲ್ಲವೇ, ಹಾಗೆ. ಪಾಕ ತೆಳುವಾಗಿದ್ದರೆ ಲಾವಾ ಹರಿಯುತ್ತದೆ. ಮಂದವಾಗಿದ್ದರೆ ಅನಿಲ ಒಳಗೇ ಸಿಕ್ಕಿಕೊಂಡು ಸಿಡಿಯುತ್ತದೆ. ಬಿಸಿ ಬೂದಿ, ಕೆಸರಿನ ಪ್ರವಾಹ ಊರುಗಳನ್ನೇ ಮುಚ್ಚಿಬಿಡುತ್ತವೆ.

ನಮ್ಮಲ್ಲೂ ಲಾವಾ ಹರಿದದ್ದುಂಟು! ಬಾಬಾಬುಡನ್‌ಗಿರಿ ಸಾಲಿನ ಎಷ್ಟೋ ಕಪ್ಪು ಬಂಡೆಗಳು 250 ಕೋಟಿ ವರ್ಷಗಳಿಗೂ ಹಿಂದಿನ ಲಾವಾ. ಕೆಲವದರಲ್ಲಿ ಅಂದಿನ ಗುಳ್ಳೆಗಳ ಜಾಗದಲ್ಲಿ ಖನಿಜ ತುಂಬಿ ಚುಕ್ಕೆಗಳಾಗಿವೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿದ ಲಾವಾ ದಿಂಬುಗಳಂತೆ ಗಟ್ಟಿಯಾಗಿದೆ. ಬ್ಯಾಂಕಿನವನ ಮಾತಿನಲ್ಲಿ ಹೇಳುವುದಾದರೆ, ಆ ಖಾತೆ ಎಂದೋ ಮುಚ್ಚಿದೆ. ಮುಳ್ಳಯ್ಯನಗಿರಿ ಸಿಡಿಯುವುದಿಲ್ಲ. ಜೀವಂತ ಜ್ವಾಲಾಮುಖಿ ನೋಡಬೇಕೆಂದರೆ ಅಂಡಮಾನಿನ ಬ್ಯಾರನ್ ದ್ವೀಪದತ್ತ ಹೋಗಬೇಕು.

ನಮ್ಮ ಗುಡ್ಡಗಳಲ್ಲಿ ಹೆದರಬೇಕಾದ್ದು ಮಳೆಗೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜರಿದು ಮನೆ, ತೋಟಗಳು ಹಾಳಾದವು. ನೀರು ಕುಡಿದ ಮಣ್ಣು ಭಾರವಾಗಿ, ಹಿಡಿತ ಸಡಿಲಿ ಜಾರುತ್ತದೆ. ಜಡಿಮಳೆಯಲ್ಲಿ ಧರೆ ಬಿರುಕು ಬಿಟ್ಟರೆ, ಮರ ವಾಲಿದರೆ, ಒರತೆಯ ತಿಳಿನೀರು ದಿಢೀರನೆ ಕೆಂಪಾದರೆ ಕೂಡಲೇ ದೊಡ್ಡವರಿಗೆ ಹೇಳಿ. ಅಜ್ಜ-ಅಜ್ಜಿಯರೇ, "ನಾವು ಕಾಣದ ಮಳೆಯಾ?" ಎನ್ನಬೇಡಿ. ಮಗುವಿನ ಮಾತು ಕೇಳಿ, ಬೆಳಕಿರುವಾಗಲೇ ಸುರಕ್ಷಿತ ಜಾಗಕ್ಕೆ ಹೊರಡಿ.