ವಸೂಲಿಯ ಹಕ್ಕು ಹರಾಜಾದಾಗ

ಹಿರಿಯಡ್ಕದಿಂದ ಹೆಬ್ರಿ ದಾಟಿ ಆಗುಂಬೆ ಘಾಟಿ ಏರಿದರೆ ನಗರ ಸೀಮೆ ಬಹಳ ದೂರವಿಲ್ಲ. 1830ರಲ್ಲಿ ಅಲ್ಲಿನ ರೈತರು ಮೈಸೂರು ಅರಸೊತ್ತಿಗೆಯ ವಿರುದ್ಧ ದಂಗೆಯೆದ್ದರು. ಅವರನ್ನು ಕೆರಳಿಸಿದ ಕಾರಣಗಳಲ್ಲಿ 'ಶರ್ತು' ಪದ್ಧತಿಯೂ ಒಂದು. ಇಂತಿಷ್ಟು ಕಂದಾಯ ಸಲ್ಲಿಸುವೆನೆಂದು ಅಮಲ್ದಾರನು ಒಪ್ಪಿಕೊಳ್ಳಬೇಕು. ಕಡಿಮೆಯಾದರೆ ತಾನೇ ತುಂಬಬೇಕು. ಹೀಗಿರುವಾಗ ಆತನ ಕೈ ರೈತನ ಕಣಜಕ್ಕಲ್ಲದೆ ಬೇರೆಲ್ಲಿಗೆ ಹೋದೀತು? ಈ ದಂಗೆಯನ್ನೇ ಮುಂದಿಟ್ಟುಕೊಂಡು 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಸಿದುಕೊಂಡರು. ಅದು ರಾಜಮನೆತನಕ್ಕೆ ಮರಳಿದ್ದು 1881ರಲ್ಲಿ.

ಫ್ರಾನ್ಸಿನ ಕಥೆ ಇನ್ನೂ ಘೋರ. ಅಲ್ಲಿನ ದೊರೆಗಳು ಉಪ್ಪು, ಹೊಗೆಸೊಪ್ಪು ಮತ್ತು ಸರಕಿನ ಮೇಲಿನ ಸುಂಕಗಳ ವಸೂಲಿಯನ್ನು ಧನಿಕರ ಕೂಟವೊಂದಕ್ಕೆ ಗುತ್ತಿಗೆ ಕೊಟ್ಟಿದ್ದರು. ದೊರೆಗೆ ಮುಂಗಡ ಹಣ, ಗುತ್ತಿಗೆದಾರರಿಗೆ ಮಿಕ್ಕಿದ ಲಾಭ, ಪ್ರಜೆಗೆ ಬರೆ. 1789ರ ಜುಲೈಯಲ್ಲಿ ಬಾಸ್ಟೀಲ್ ಕೋಟೆ ಉರುಳುವ ಮೊದಲೇ ಪ್ಯಾರಿಸಿನ ಜನರು ಸುಂಕದ ಕಟ್ಟೆಗಳಿಗೆ ಬೆಂಕಿಯಿಟ್ಟರು. ಮಹಾನ್ ರಸಾಯನ ವಿಜ್ಞಾನಿ ಲಾವಾಸಿಯೇ ಕೂಡ ಈ ಕೂಟದ ಪಾಲುದಾರನಾಗಿದ್ದ ಕಾರಣಕ್ಕೆ 1794ರ ಮೇ 8ರಂದು ಶಿರಚ್ಛೇದಕ್ಕೊಳಗಾದನು.

ಈ ಅಪಾಯವನ್ನು ಸಾವಿರ ವರ್ಷ ಮೊದಲೇ ಗುರುತಿಸಿದವರಿದ್ದರು. ಖಲೀಫ ಹಾರೂನ್ ರಶೀದರಿಗಾಗಿ ರಚಿಸಿದ 'ಕಿತಾಬುಲ್ ಖರಾಜ್'ನಲ್ಲಿ ಇಮಾಮ್ ಅಬೂ ಯೂಸುಫ್‌ರು ತೆರಿಗೆ ವಸೂಲಿಯನ್ನು ಗುತ್ತಿಗೆ ಕೊಡುವುದನ್ನು ವಿರೋಧಿಸಿದರು. ಗುತ್ತಿಗೆದಾರನು ತನ್ನ ಲಾಭಕ್ಕಾಗಿ ಜನರ ಮೇಲೆ ಶಕ್ತಿಮೀರಿದ ಹೊರೆ ಹೊರಿಸುತ್ತಾನೆ, ನಾಡು ಹಾಳಾಗುತ್ತದೆ ಎಂಬುದು ಅವರ ವಾದದ ತಿರುಳು.

ಅರಸೊತ್ತಿಗೆ ಹೋಯಿತು, ಗುತ್ತಿಗೆ ಹೋಯಿತೇ? ಇಂದಿಗೂ ಸ್ಥಳೀಯ ಸಂಸ್ಥೆಗಳು ಸಂತೆ ಸುಂಕದ ವಸೂಲಿ ಹಕ್ಕನ್ನು ಹರಾಜಿಗಿಡುತ್ತವೆ. ಇಂದು ದರವನ್ನು ನಿಗದಿಪಡಿಸುವುದು ಗುತ್ತಿಗೆದಾರನಲ್ಲ ಎಂಬುದು ನಿಜ, ಈ ವ್ಯತ್ಯಾಸ ಸಣ್ಣದೂ ಅಲ್ಲ. ಆದರೆ ದರದ ಫಲಕವಿಲ್ಲದ, ರಶೀದಿ ಕೊಡದ ಸಂತೆಯಲ್ಲಿ ಬುಟ್ಟಿಯಿಳಿಸಿ ಕುಳಿತ ಮೀನು ಮಾರುವ ಹೆಂಗಸಿಗೆ ಆ ವ್ಯತ್ಯಾಸ ತಿಳಿಯುವುದಾದರೂ ಹೇಗೆ? ಹೆಚ್ಚು ಕೂಗಿ ಹರಾಜು ಹಿಡಿದವನು ಆ ಹಣವನ್ನು ಹಿಂಪಡೆಯುವುದು ಅವಳ ಬುಟ್ಟಿಯಿಂದಲೇ.

ಆದ್ದರಿಂದ ಬೇಡಿಕೆ ಸರಳವಾಗಿರಲಿ: ಸುಂಕದ ದರ ಮತ್ತು ಹರಾಜಿನ ಮೊತ್ತ ಸಂತೆಯಲ್ಲೇ ಫಲಕದ ಮೇಲಿರಲಿ; ಪ್ರತಿ ರೂಪಾಯಿಗೂ ರಶೀದಿ ಸಿಗಲಿ; ಗ್ರಾಮಸಭೆಯಲ್ಲಿ ಲೆಕ್ಕ ಮಂಡನೆಯಾಗಲಿ. ಇದನ್ನು ಕೇಳುವವರು ವ್ಯಾಪಾರಿಗಳಷ್ಟೇ ಆಗಬೇಕಿಲ್ಲ, ಚೀಲ ಹಿಡಿದು ಸಂತೆಗೆ ಹೋಗುವ ನಾವೂ ಕೇಳಬೇಕು. ಸರಕಾರವು ವಸೂಲಿಯನ್ನು ಗುತ್ತಿಗೆಗೆ ಕೊಡಬಹುದು, ನ್ಯಾಯದ ಹೊಣೆಯನ್ನಲ್ಲ.